ಸ್ವಂತ ಸೂರು, ಸರಕಾರದ ನೆರವು ಮತ್ತು ಮನೆಯೊಳಗಿನ ಲೆಕ್ಕ



ಮಳೆಗಾಲದ ಒಂದು ಸಂಜೆ ಅಸ್ರ್ ನಮಾಝ್ ಮುಗಿಸಿ ಮಕ್ಕಳ ಉತ್ತರ ಪತ್ರಿಕೆಗಳನ್ನು ಮುಂದಿಟ್ಟು ಕುಳಿತಿದ್ದೆ. ನಮ್ಮ ಬೀದಿಯ ಕೊನೆಯ ಬಾಡಿಗೆ ಮನೆಯಲ್ಲಿರುವ ಸಹೋದರಿಯೊಬ್ಬರು ಒದ್ದೆ ಕೊಡೆಯನ್ನು ಜಗಲಿಯಲ್ಲಿಟ್ಟು ಒಳಗೆ ಬಂದರು. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸುತ್ತಿರುವವರು. ಪತಿ ಗಲ್ಫ್‌ನಿಂದ ಮರಳಿ ಈಗ ಮೀನಿನ ಟೆಂಪೋದಲ್ಲಿ ಕೆಲಸ ಮಾಡುತ್ತಾರೆ. ಸೆರಗಿನಡಿಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಅದರೊಳಗಿನ ಕಾಗದಗಳನ್ನು ನನ್ನ ಮುಂದೆ ಹರಡಿದರು.

“ಟೀಚರ್, ಇದನ್ನು ಸ್ವಲ್ಪ ಓದಿ ಹೇಳಿ. ಮನೆ ಕಟ್ಟಲು ಸರಕಾರ ಎರಡೂವರೆ ಲಕ್ಷ ಕೊಡುತ್ತದಂತೆ. ಹದಿನೈದು ಸಾವಿರ ಮೊದಲು ಕೊಟ್ಟರೆ ಆ ಮನುಷ್ಯ ಎಲ್ಲ ಮಾಡಿಸಿ ಕೊಡುತ್ತಾನಂತೆ. ಮತ್ತೆ... ಇದು ಬಡ್ಡಿಯ ಹಣವಾ?”

ಒಂದೇ ಉಸಿರಿನಲ್ಲಿ ಅವರು ಮೂರು ವಿಷಯ ಕೇಳಿದ್ದರು. ಮೂರಕ್ಕೂ ಆ ಕ್ಷಣ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ವಾರದ ಮಟ್ಟಿಗೆ ಸಮಯ ಕೇಳಿ, ಪುರಸಭೆಗೂ ಬ್ಯಾಂಕಿಗೂ ಹೋಗಿ, ತಿಳಿದವರಲ್ಲಿ ವಿಚಾರಿಸಿದೆ. ಆಗ ಗೊತ್ತಾದದ್ದನ್ನೇ ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಬಾಡಿಗೆ ಮನೆಯ ಸಂಕಟ ಆ ಒಬ್ಬ ಸಹೋದರಿಯದಷ್ಟೇ ಅಲ್ಲ. ಹನ್ನೊಂದು ತಿಂಗಳಿಗೊಮ್ಮೆ ಪಾತ್ರೆ ಪಗಡೆ ಕಟ್ಟಿಕೊಂಡು ಹೊರಡುವ ಎಷ್ಟು ಕುಟುಂಬಗಳು ನಮ್ಮ ಮೊಹಲ್ಲಾಗಳಲ್ಲಿವೆ ಎಂದು ನೀವೇ ಎಣಿಸಿ ನೋಡಿ.

ಮೊದಲು ಆ ಹದಿನೈದು ಸಾವಿರದ ವಿಷಯ ಮುಗಿಸಿಬಿಡುತ್ತೇನೆ. ಯಾರಿಗೂ ಕೊಡಬೇಡಿ. ಮನೆ ಮಂಜೂರು ಮಾಡಿಸುತ್ತೇನೆಂದು ಮುಂಗಡ ಕೇಳುವವನ ಕೈಯಲ್ಲಿ ಯಾವ ಅಧಿಕಾರವೂ ಇರುವುದಿಲ್ಲ. ನಿಮ್ಮ ಹೆಸರು ತಾನಾಗಿಯೇ ಪಟ್ಟಿಗೆ ಬಂದರೆ ಅದು ತನ್ನ ಸಾಧನೆ ಎನ್ನುತ್ತಾನೆ, ಬಾರದಿದ್ದರೆ ಫೋನ್ ಎತ್ತುವುದಿಲ್ಲ. ಅಷ್ಟೇ ಅವನ ಬಂಡವಾಳ.

ಇನ್ನು ಯೋಜನೆಯ ವಿಷಯ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ 2015ರ ಜೂನ್‌ನಲ್ಲಿ ಆರಂಭವಾಯಿತು. ಅದರಲ್ಲಿ ಮೊದಲ ಮನೆ ಕೊಳ್ಳುವವರ ಬ್ಯಾಂಕ್ ಸಾಲದ ಬಡ್ಡಿಗೆ ಸಬ್ಸಿಡಿ ಕೊಡುವ ಒಂದು ಭಾಗವಿತ್ತು. ಗರಿಷ್ಠ 2 ಲಕ್ಷ 67 ಸಾವಿರ ರೂಪಾಯಿ ಸಿಗುತ್ತದೆಂದು ಬಿಲ್ಡರ್‌ಗಳ ಜಾಹೀರಾತಿನಲ್ಲೆಲ್ಲ ಬರುತ್ತಿದ್ದುದು ನಿಮಗೆ ನೆನಪಿರಬಹುದು. ಆ ಸಬ್ಸಿಡಿ ಮಧ್ಯಮ ಆದಾಯದವರಿಗೆ 2021ರ ಮಾರ್ಚ್‌ನಲ್ಲಿ, ಕಡಿಮೆ ಆದಾಯದವರಿಗೆ 2022ರ ಮಾರ್ಚ್‌ನಲ್ಲಿ ನಿಂತುಹೋಯಿತು. ಈಗಲೂ ಅದೇ ಹಳೆಯ ಕರಪತ್ರ ತೋರಿಸಿ ಫ್ಲಾಟ್ ಮಾರುವವರಿದ್ದರೆ ಅವರ ಮಾತಿಗೆ ಮರುಳಾಗಬೇಡಿ. ಮೊದಲ ಮನೆಯ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷದ ಹೆಚ್ಚುವರಿ ವಿನಾಯಿತಿ ಕೊಡುತ್ತಿದ್ದ ಕಲಮು ಕೂಡಾ 2022ರ ಮಾರ್ಚ್ ಒಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಅನ್ವಯಿಸುತ್ತದೆ.

ಈಗಿರುವುದು ಅದರ ಎರಡನೇ ಆವೃತ್ತಿ. 2024ರ ಸೆಪ್ಟೆಂಬರ್ 1ರಿಂದ ಐದು ವರ್ಷಗಳಲ್ಲಿ ಒಂದು ಕೋಟಿ ನಗರವಾಸಿ ಕುಟುಂಬಗಳಿಗೆ ನೆರವಾಗುವ ಗುರಿ ಅದಕ್ಕಿದೆ. ನಮಗೆ ಮುಖ್ಯವಾದ ಸಂಗತಿಯೆಂದರೆ ಇದರಲ್ಲಿ ಒಂದೇ ಹೆಸರಿನಡಿ ಬೇರೆ ಬೇರೆ ಬಾಗಿಲುಗಳಿವೆ. ಯಾವ ಬಾಗಿಲಿನಿಂದ ಒಳಗೆ ಹೋಗುತ್ತೇವೆ ಎಂಬುದರ ಮೇಲೆ ಆ ಸಹೋದರಿಯ ಬಡ್ಡಿಯ ಪ್ರಶ್ನೆಗೆ ಉತ್ತರ ನಿಂತಿದೆ.

ಸ್ವಂತ ನಿವೇಶನವಿದ್ದು, ಅದರಲ್ಲಿ ತಾವೇ ಮನೆ ಕಟ್ಟಿಕೊಳ್ಳುವವರಿಗೆ ಒಂದು ಬಾಗಿಲು. ವರ್ಷದ ಆದಾಯ ಮೂರು ಲಕ್ಷ ರೂಪಾಯಿ ಮೀರದ ಕುಟುಂಬಗಳಿಗೆ ಇದು ಮೀಸಲು. ನಮ್ಮಂತಹ ರಾಜ್ಯಗಳಲ್ಲಿ ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದಿಂದ ಕನಿಷ್ಠ ಒಂದು ಲಕ್ಷ, ಒಟ್ಟು ಎರಡೂವರೆ ಲಕ್ಷ. ಇದು ಸಾಲವಲ್ಲ, ಸಹಾಯಧನ. ಮರಳಿ ಕಟ್ಟಬೇಕಾಗಿಲ್ಲ. ಬಡ್ಡಿಯ ಮಾತೇ ಇಲ್ಲಿ ಬರುವುದಿಲ್ಲ. ತೆರಿಗೆಯ ಹಣದಿಂದ ಸರಕಾರ ತನ್ನ ಬಡ ಪ್ರಜೆಗೆ ಕೊಡುವ ಪಾಲು ಇದು. ಸಂಕೋಚಪಡದೆ ಪಡೆಯಿರಿ.

ನಿವೇಶನವೇ ಇಲ್ಲದವರಿಗೆ ಸರಕಾರವೋ ಖಾಸಗಿಯವರೋ ಕಟ್ಟುವ ಸಮುಚ್ಚಯಗಳಲ್ಲಿ ಮನೆ ಕೊಡುವುದು ಇನ್ನೊಂದು. ಇಲ್ಲಿ ಫಲಾನುಭವಿಯ ವಂತಿಗೆ ದೊಡ್ಡದು. ರಾಜ್ಯದ ಕೊಳೆಗೇರಿ ಅಭಿವೃದ್ಧಿ ಮಂಡಳಿಯ ಸಾವಿರಾರು ಮನೆಗಳು ಬಡವರು ತಮ್ಮ ಪಾಲು ಕಟ್ಟಲಾಗದೆ ಅರ್ಧಕ್ಕೆ ನಿಂತಿದ್ದವು. 2023ರ ಕೊನೆಯಲ್ಲಿ ಆ ಪಾಲಿನ ಹೆಚ್ಚಿನ ಭಾಗವನ್ನು ತಾನೇ ಭರಿಸಲು ರಾಜ್ಯ ಸರಕಾರ ನಿರ್ಧರಿಸಿದ ಮೇಲೆಯೇ ಅವುಗಳಿಗೆ ಜೀವ ಬಂತು. ಬಾಡಿಗೆ ವಸತಿಯ ಇನ್ನೊಂದು ಭಾಗವೂ ಇದೆ. ಅದು ಇಲ್ಲಿನ ವಿಷಯವಲ್ಲ.

ಬಡ್ಡಿ ಬರುವುದು ಮತ್ತೊಂದು ಬಾಗಿಲಿನಲ್ಲಿ. ವರ್ಷದ ಆದಾಯ ಒಂಬತ್ತು ಲಕ್ಷದೊಳಗಿನವರು ಬ್ಯಾಂಕಿನಿಂದ ಸಾಲ ಪಡೆದು ಮನೆ ಕೊಂಡರೆ ಅಥವಾ ಕಟ್ಟಿದರೆ ಬಡ್ಡಿಗೆ ಸಬ್ಸಿಡಿ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಸಬ್ಸಿಡಿ ಸಿಗುವುದು ಮೊದಲ 8 ಲಕ್ಷಕ್ಕೆ ಮಾತ್ರ, ಶೇಕಡಾ 4ರಂತೆ, 12 ವರ್ಷಗಳ ಅವಧಿಗೆ ಲೆಕ್ಕ ಹಾಕಿ. ಎಲ್ಲ ಸೇರಿ ಹೆಚ್ಚೆಂದರೆ 1 ಲಕ್ಷ 80 ಸಾವಿರ, ಅದೂ ಐದು ವಾರ್ಷಿಕ ಕಂತುಗಳಲ್ಲಿ.

ನಾನು ಬಿ.ಎ. ಓದಿದವಳು, ಗಣಿತದವಳಲ್ಲ. ಆದರೂ ಒಂದು ಲೆಕ್ಕ ಹಾಕಿ ನೋಡಿದೆ. 8 ಲಕ್ಷ ರೂಪಾಯಿಯನ್ನು ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 7,200 ರೂಪಾಯಿ. ಇಪ್ಪತ್ತು ವರ್ಷದಲ್ಲಿ ನೀವು ಕಟ್ಟುವುದು 17 ಲಕ್ಷಕ್ಕೂ ಹೆಚ್ಚು. ಅಂದರೆ ಬಡ್ಡಿಯೇ 9 ಲಕ್ಷ ದಾಟಿತು. ಸಬ್ಸಿಡಿಯ ಹಣ ಬಂದಂತೆ ಅಸಲು ಸ್ವಲ್ಪ ಇಳಿದು ಬಡ್ಡಿಯೂ ಕಡಿಮೆಯಾಗುತ್ತದೆ, ನಿಜ. ಆದರೆ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಆ 1 ಲಕ್ಷ 80 ಸಾವಿರ, ಈ 9 ಲಕ್ಷ ಯಾವ ಕರಪತ್ರದಲ್ಲೂ ಇರುವುದಿಲ್ಲ. “ಸರಕಾರವೇ ಬಡ್ಡಿ ಕಟ್ಟುತ್ತದೆ” ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಿ.

ಬಡ್ಡಿ ಹರಾಮ್ ಎಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ, ಕೊಡುವುದೂ ಪಡೆಯುವುದೂ. ಆದರೆ ಅನಿವಾರ್ಯತೆಯ ಸಂದರ್ಭದಲ್ಲಿ ವಾಸದ ಮನೆಗಾಗಿ ಸಾಲದ ಬಗ್ಗೆ ಏನು ಎಂಬುದನ್ನು ಈ ಕಾಲದ ವಿದ್ವಾಂಸರು ಚರ್ಚಿಸಿದ್ದಾರೆ. ಯುರೋಪಿನ ಫತ್ವಾ ಮಂಡಳಿ 1999ರಲ್ಲಿ, ಬೇರೆ ದಾರಿಯೇ ಇಲ್ಲದ ಅಲ್ಲಿನ ಮುಸ್ಲಿಮರಿಗೆ ಮೊದಲ ವಾಸದ ಮನೆಗಾಗಿ, ಷರತ್ತುಗಳೊಂದಿಗೆ ರಿಯಾಯಿತಿ ಕೊಟ್ಟಿತು. ಅದನ್ನು ಒಪ್ಪದ ವಿದ್ವಾಂಸರೂ ಅನೇಕರು. ಮದ್ರಸದಲ್ಲಿ ಕಲಿತವಳೆಂಬ ಕಾರಣಕ್ಕೆ ನಾನಿಲ್ಲಿ ಫತ್ವಾ ಕೊಡಲು ಹೊರಟಿಲ್ಲ, ಅದು ನನ್ನ ಯೋಗ್ಯತೆಗೆ ಮೀರಿದ್ದು. ನಿಮ್ಮ ಪರಿಸ್ಥಿತಿಯನ್ನು ಒಂದನ್ನೂ ಬಚ್ಚಿಡದೆ ನಂಬಿಕೆಯ ಆಲಿಮರೊಬ್ಬರ ಮುಂದೆ ಹೇಳಿ ಕೇಳಿ. ಸಾಮಾನ್ಯವಾಗಿ ನಾವು ಮಾಡುವುದೇನು? ಫ್ಲಾಟ್‌ಗೆ ಮುಂಗಡ ಕೊಟ್ಟು ಬಂದ ಮೇಲೆ ಮಸ್‌ಅಲಾ ಕೇಳಲು ಹೋಗುತ್ತೇವೆ.

ಬಡ್ಡಿಯಿಂದ ದೂರವಿರುವವರಿಗಾಗಿ ಬೇರೆಯದೇ ಬಲೆ ಕಾದಿರುತ್ತದೆ ಎಂಬುದನ್ನೂ ಮರೆಯಬಾರದು. ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ ಬೆಂಗಳೂರಿನ ಐಎಂಎ ಸಂಸ್ಥೆ 2019ರಲ್ಲಿ ಮುಳುಗಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅವರಲ್ಲಿ ಹೆಚ್ಚಿನವರು ನಮ್ಮವರೇ. ಮನೆಗೆಂದು, ಮಗಳ ಮದುವೆಗೆಂದು ಕೂಡಿಟ್ಟ ಹಣವದು. ಗಡ್ಡವನ್ನೋ ಬುರ್ಖಾವನ್ನೋ ನೋಡಿ ಹಣ ಕೊಡುವವರು ಕಾಗದವನ್ನೂ ನೋಡಬೇಕಿತ್ತು. ಅಂದ ಹಾಗೆ, ಮನೆಗೆಂದು ಕೂಡಿಟ್ಟ ಹಣ ನಿಸಾಬ್ ಮುಟ್ಟಿ ವರ್ಷ ಕಳೆದರೆ ಅದಕ್ಕೂ ಝಕಾತ್ ಇದೆಯೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. “ಅದು ಮನೆಗೆ ಇಟ್ಟದ್ದಲ್ಲವಾ” ಎಂದು ನಾವು ಸುಲಭವಾಗಿ ಬಿಟ್ಟುಬಿಡುತ್ತೇವೆ.

ಆ ಸಹೋದರಿಯ ವಿಷಯಕ್ಕೆ ಮರಳೋಣ. ಅವರ ಆದಾಯ ಮಿತಿಯೊಳಗಿತ್ತು. ದೇಶದಲ್ಲಿ ಎಲ್ಲೂ ಅವರ ಹೆಸರಿನಲ್ಲಾಗಲೀ ಪತಿಯ ಹೆಸರಿನಲ್ಲಾಗಲೀ ಪಕ್ಕಾ ಮನೆ ಇರಲಿಲ್ಲ. ಕಳೆದ ಇಪ್ಪತ್ತು ವರ್ಷಗಳಲ್ಲಿ ಸರಕಾರದ ಯಾವ ವಸತಿ ಯೋಜನೆಯ ಲಾಭವನ್ನೂ ಪಡೆದಿರಲಿಲ್ಲ. ಇವೆರಡೂ ಯೋಜನೆಯ ಮುಖ್ಯ ಷರತ್ತುಗಳು. ಕುಟುಂಬ ಎಂದರೆ ಇಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ಅತ್ತೆ ಮಾವಂದಿರ ಮನೆಯ ಒಂದು ಕೋಣೆಯಲ್ಲಿ ಸಂಸಾರ ಮಾಡುತ್ತಿರುವ ವಿವಾಹಿತ ಮಗನಿಗೆ ಸ್ವಂತ ಹೆಸರಿನಲ್ಲಿ ಪಕ್ಕಾ ಮನೆ ಇಲ್ಲದಿದ್ದರೆ, “ತಂದೆಗೆ ಮನೆಯಿದೆ, ನಮಗೆ ಸಿಗದು” ಎಂದುಕೊಂಡು ಸುಮ್ಮನಿರಬೇಕಾಗಿಲ್ಲ. ವಿಧವೆಯರು, ಒಂಟಿ ಮಹಿಳೆಯರು, ಅಂಗವಿಕಲರು, ಅಲ್ಪಸಂಖ್ಯಾತರು, ಬೀದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರು ಮುಂತಾದವರಿಗೆ ಆದ್ಯತೆಯೆಂದು ಯೋಜನೆಯಲ್ಲೇ ಹೇಳಿದೆ.

ಅವರಿಗೆ ಪುರಸಭೆಯ ವ್ಯಾಪ್ತಿಯಲ್ಲಿ ನಿವೇಶನವೂ ಇತ್ತು, ಆರು ಸೆಂಟ್ಸ್. ಮಾವ ಕಟ್ಟಿದ್ದ ಮಣ್ಣಿನ ಗೋಡೆಯ ಹಂಚಿನ ಮನೆ ಅಲ್ಲಿತ್ತು. ಎರಡು ವರ್ಷದ ಹಿಂದಿನ ಮಳೆಗೆ ಅದರ ಹಿಂಬದಿ ಕುಸಿದ ಮೇಲೆಯೇ ಅವರು ಬಾಡಿಗೆಗೆ ಬಂದದ್ದು. ಎಲ್ಲ ಸರಿಯಿದೆ ಎಂದುಕೊಂಡು ಖಾತೆಯ ಪ್ರತಿ ನೋಡಿದರೆ ಅದು ಇನ್ನೂ ಮಾವನ ಹೆಸರಿನಲ್ಲಿದೆ. ಮಾವ ತೀರಿಹೋಗಿ ಒಂಬತ್ತು ವರ್ಷ!

ಸಹೋದರಿಯರೇ, ನನ್ನನ್ನು ಬಹಳ ಕಾಡಿದ್ದು ಇದುವೇ. ನಮ್ಮ ಎಷ್ಟು ಮನೆಗಳಲ್ಲಿ ಹೀಗಿಲ್ಲ? ಮಯ್ಯಿತ್ ಮನೆಯಿಂದ ಹೊರಟ ನಂತರ ನಲವತ್ತರ ಊಟಕ್ಕೆ ಯಾರನ್ನು ಕರೆಯಬೇಕೆಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಪೌತಿ ಖಾತೆ ಮಾಡಿಸಬೇಕು, ವಾರಸುದಾರರಿಗೆ ಪಾಲು ಕೊಡಬೇಕು ಎಂಬ ಮಾತೆತ್ತಿದರೆ “ಇಷ್ಟು ಬೇಗ ಆಸ್ತಿಯ ಆಸೆಯಾ” ಎನ್ನುತ್ತಾರೆ. ವರ್ಷಗಳು ಉರುಳುತ್ತವೆ, ಒಬ್ಬರು ಇಬ್ಬರಾಗಿ ಮೂರು ತಲೆಮಾರಿನ ಹೆಸರುಗಳು ಒಂದು ತುಂಡು ನೆಲದ ಮೇಲೆ ಬೀಳುತ್ತವೆ. ಕೊನೆಗೆ ಸರಕಾರ ಮನೆ ಕಟ್ಟಲು ಹಣ ಕೊಡುತ್ತೇನೆಂದು ಬಂದರೆ ನಿವೇಶನ ಯಾರದೆಂದು ತೋರಿಸುವ ಕಾಗದ ಯಾರ ಕೈಯಲ್ಲೂ ಇರುವುದಿಲ್ಲ.

ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ವಾಸವಿರುವವರ ಮಾತು ಬೇರೆ. ಅವರು ಭೂ ಕಂದಾಯ ಕಾಯ್ದೆಯ 94ಸಿ, ನಗರವಾದರೆ 94ಸಿಸಿ ಕಲಮಿನಡಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರೆ ಅದು ಎಲ್ಲಿಗೆ ಬಂದಿದೆಯೆಂದು ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು.

ಪೌತಿ ಖಾತೆಯ ಮಾತು ಬಂದಾಗ ಆ ಸಹೋದರಿಯ ಮೈದುನ ಒಂದು ಸುಲಭದ ದಾರಿ ಹೇಳಿದನಂತೆ. ಇಬ್ಬರು ತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರಾಯಿತು, “ಅವರೇನು ಕೇಳುವವರಲ್ಲ” ಎಂದು.

ಕೇಳುವವರಲ್ಲ, ನಿಜ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಹೆದರಿಕೆಯಿಂದ ಯಾವ ಹೆಣ್ಣು ಕೇಳುತ್ತಾಳೆ? ಆದರೆ ಅವಳ ಮೌನ ಒಪ್ಪಿಗೆಯಾಗುತ್ತದೆಯೇ? ನಾನು ಒಂದು ಹಾಳೆ ತೆಗೆದು ಅವರ ಎದುರಲ್ಲೇ ಪಾಲು ಬರೆದೆ. ಮಾವ ಬಿಟ್ಟು ಹೋದದ್ದು ಪತ್ನಿ, ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳನ್ನು. ಪತ್ನಿಗೆ ಎಂಟನೇ ಒಂದು, ಅಂದರೆ ಆರು ಸೆಂಟ್ಸ್‌ನಲ್ಲಿ ಮುಕ್ಕಾಲು. ಉಳಿದ ಐದೂಕಾಲಿನಲ್ಲಿ ಪ್ರತಿ ಗಂಡಿಗೆ ಒಂದೂ ಮುಕ್ಕಾಲು, ಪ್ರತಿ ಹೆಣ್ಣಿಗೆ ಅದರ ಅರ್ಧ, ಒಂದು ಸೆಂಟ್ಸ್‌ಗೆ ತುಸು ಕಡಿಮೆ. ಆ ತುಸು ಕಡಿಮೆ ಒಂದು ಸೆಂಟ್ಸ್ ನಿಗದಿಯಾದ ಪಾಲು, ಅಣ್ಣಂದಿರ ಔದಾರ್ಯವಲ್ಲ. ಬೇಡವೆಂದರೆ ಅವಳು ಪಾಲು ಕೈಗೆ ಬಂದ ಮೇಲೆ ಮನಃಪೂರ್ವಕ ಬಿಟ್ಟುಕೊಡಲಿ. ಜಾಗ ತುಂಡು ಮಾಡಲಾಗದಿದ್ದರೆ ಊರಿನ ಬೆಲೆ ಹಿಡಿದು ಹಣ ಕೊಡಲಿ, ಒಮ್ಮೆಲೇ ಆಗದಿದ್ದರೆ ಕಂತಿನಲ್ಲಿ, ಎಷ್ಟು ಕೊಟ್ಟದ್ದೆಂದು ಪತ್ರದಲ್ಲಿ ಬರೆದೇ ಸಹಿ ಹಾಕಿಸಲಿ. ಬ್ಯಾಂಕಿನ ಬಡ್ಡಿಗೆ ಹೆದರಿ ದೂರ ನಿಲ್ಲುವ ನಾವು ತಂಗಿಯ ಪಾಲಿನ ಮೇಲೆ ತಳಪಾಯ ಹಾಕಲು ಹಿಂಜರಿಯುವುದಿಲ್ಲ. ಇದು ನನಗೆ ಅರ್ಥವಾಗದ ದೀನ್‌ದಾರಿ.

ಇನ್ನೊಂದು ವಿಷಯವನ್ನು ನೀವು ವಿಶೇಷವಾಗಿ ಗಮನಿಸಬೇಕು. ಈ ಯೋಜನೆಯಲ್ಲಿ ಮನೆ ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ಗಂಡ ಹೆಂಡಿರ ಜಂಟಿ ಹೆಸರಿನಲ್ಲಿರಬೇಕು. ವಯಸ್ಕ ಮಹಿಳೆಯೇ ಇಲ್ಲದ ಕುಟುಂಬದಲ್ಲಿ ಮಾತ್ರ ಗಂಡಸಿನೊಬ್ಬನ ಹೆಸರು ಸಾಕಾಗುತ್ತದೆ. ಕೆಲವು ಪತಿಯರು ಇದನ್ನು “ಕಾಗದಕ್ಕೆ ಮಾತ್ರ ನಿನ್ನ ಹೆಸರು” ಎಂದು ಹೇಳಿ ಮುಗಿಸುತ್ತಾರೆ. ಮುಂದೆ ಒಂದು ದಿನ ಮನಸ್ತಾಪವಾದರೆ, ಒಬ್ಬರು ತೀರಿಕೊಂಡರೆ, ಆ ಮನೆ ಯಾರದು? ಪತಿ ಅದನ್ನು ಪತ್ನಿಗೆ ಹಿಬಾ ಆಗಿ ಕೊಡುತ್ತಿದ್ದಾನೆಯೇ, ಇಬ್ಬರ ಪಾಲಿದೆಯೇ ಎಂಬುದನ್ನು ಆಗಲೇ ಮಾತನಾಡಿ ಬರೆದಿಡುವುದು ಒಳ್ಳೆಯದು.

ಮತ್ತೆ ನಮ್ಮ ಚಿನ್ನ! ಕರಾವಳಿಯಲ್ಲಿ ಎಷ್ಟು ಮನೆಗಳ ತಾರಸಿ ಹೆಂಗಸರ ಬಳೆಗಳಿಂದ ಎದ್ದಿದೆ ಎಂದು ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ? ಮಹ್‌ರ್‌ನ ಚಿನ್ನ, ತವರಿನ ಚಿನ್ನ, ಎಲ್ಲ ಕಬ್ಬಿಣ ಸಿಮೆಂಟಾಗಿ ಹೋಗುತ್ತದೆ. ಮನೆ ಮಾತ್ರ ಗಂಡನ ಅಥವಾ ಮಾವನ ಹೆಸರಿನಲ್ಲಿ. ಕೊಡಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ಕೊಟ್ಟಿದ್ದೇನೆ. ಆದರೆ ಎಷ್ಟು ಪವನು, ಸಾಲವಾಗಿಯೋ ಪಾಲಾಗಿಯೋ ದಾನವಾಗಿಯೋ ಎಂದು ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನನ್ನ ಪತಿ ಮೊದಲು ನಕ್ಕರು, ನಂತರ ಸಹಿ ಹಾಕಿದರು.

ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿರುವವರಿಗೆ ದಾರಿ ಬೇರೆ. ಅಲ್ಲಿ ಪ್ರಧಾನಮಂತ್ರಿ ಆವಾಸ್‌ನ ಗ್ರಾಮೀಣ ವಿಭಾಗವಿದೆ, ಬಯಲು ಪ್ರದೇಶದಲ್ಲಿ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ. ರಾಜ್ಯದ ಬಸವ ವಸತಿ ಯೋಜನೆಯೂ ಇದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಹಣ ಬರುತ್ತದೆ, ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ. ರಾಜ್ಯದ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇಕಡಾ 10ರಿಂದ 15ಕ್ಕೆ ಏರಿಸಲು 2025ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಗ್ರಾಮಸಭೆಯ ದಿನ ನಾವು ಎಲ್ಲಿರುತ್ತೇವೆ? ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಹೆಂಗಸರು “ಅಲ್ಲಿ ನಮಗೇನು” ಎಂದು ಮನೆಯಲ್ಲಿರುತ್ತೇವೆ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಆಮೇಲೆ ಬೇಸರ ಪಡುತ್ತೇವೆ. ಹೋಗಿ ಕುಳಿತುಕೊಳ್ಳಿ. ಮಾತನಾಡಲು ಬಾರದಿದ್ದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಣ ಒಂದೇ ಸಲ ಕೈಗೆ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ತಳಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣ ಮನೆ, ಹೀಗೆ ಒಂದೊಂದು ಹಂತ ಮುಗಿದ ಮೇಲೆ ಜಿಪಿಎಸ್ ಫೋಟೋ ತೆಗೆದು, ಅದು ಒಪ್ಪಿಗೆಯಾದ ಮೇಲೆ ಬ್ಯಾಂಕ್ ಖಾತೆಗೆ ಕಂತು. ಅಂದರೆ ತಳಪಾಯದ ಹಣ ಮೊದಲು ನಿಮ್ಮ ಕೈಯಿಂದಲೇ ಹೋಗಬೇಕು. ಇಲ್ಲಿಯೇ ಬಹಳ ಮಂದಿ ಮೀಟರ್ ಬಡ್ಡಿಯವರ ಕೈಗೆ ಸಿಕ್ಕಿಬೀಳುವುದು. ಸಹಾಯಧನ ಪಡೆದು ಬಡ್ಡಿಯಿಂದ ದೂರವಿದ್ದೆವೆಂದುಕೊಂಡವರು ಕಂತು ಬರುವವರೆಗಿನ ಎರಡು ತಿಂಗಳಿಗೆ ಅದಕ್ಕಿಂತ ಕೆಟ್ಟ ಬಡ್ಡಿಗೆ ಬೀಳುತ್ತಾರೆ. ಮೊದಲ ಹಂತದ ಹಣ ಕೈಯಲ್ಲಿದ್ದ ಮೇಲೆಯೇ ಕೆಲಸ ಶುರು ಮಾಡಿ, ಅದೂ ಕಚೇರಿಯಿಂದ ಆದೇಶ ಪತ್ರ ಬಂದ ನಂತರ. ಜಮಾಅತ್‌ನವರೂ ಯೋಚಿಸಬಹುದು: ಝಕಾತ್‌ಗೆ ಅರ್ಹರಾದ ಕುಟುಂಬಕ್ಕೆ ತಳಪಾಯದ ಮಟ್ಟಿಗೆ ನೆರವಾದರೆ ಉಳಿದ ಕಂತುಗಳು ತಾವಾಗಿ ಬರುತ್ತವೆ. ಅರ್ಹರಲ್ಲದವರಿಗೆ ಕರ್ಜೆ ಹಸನ್ ಆಗಿ ಕೊಟ್ಟು ಕಂತು ಬಂದ ಮೇಲೆ ಮರಳಿ ಪಡೆಯಬಹುದು.

ಮನೆ ಸಣ್ಣದಿರಲಿ. ನಗರದ ಯೋಜನೆಯಲ್ಲಿ ಹೇಳಿರುವುದು 30ರಿಂದ 45 ಚದರ ಮೀಟರ್, ಅಂದರೆ ಸುಮಾರು 320ರಿಂದ 480 ಚದರ ಅಡಿ. ನೆಂಟರ ಮನೆ ನೋಡಿ ಸಾವಿರ ಅಡಿಯ ತಳಪಾಯ ಹಾಕಿ, ಗೋಡೆಯ ಮೇಲೆ ಹುಲ್ಲು ಬೆಳೆಯುವ ತನಕ ಬಿಟ್ಟವರು ನಮ್ಮೂರಲ್ಲೇ ಇದ್ದಾರೆ.

ಫ್ಲಾಟ್ ಕೊಳ್ಳುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಹೊಸ ಫ್ಲಾಟ್‌ನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿಯಿದೆ. ಬೆಲೆ 20 ಲಕ್ಷದೊಳಗಿದ್ದರೆ ಶೇಕಡಾ 2, 45 ಲಕ್ಷದವರೆಗೆ ಶೇಕಡಾ 3, ಅದರ ಮೇಲೆ ಶೇಕಡಾ 5. ನೋಂದಣಿ ಶುಲ್ಕ ಮಾತ್ರ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಬಿಲ್ಡರ್ ಹೇಳುವ ಬೆಲೆಯಲ್ಲಿ ಇವು ಸೇರಿವೆಯೇ ಎಂದು ಮೊದಲೇ ಕೇಳಿ.

ಆ ಸಹೋದರಿ ಕಳೆದ ವಾರ ಮತ್ತೆ ಬಂದಿದ್ದರು. ಹದಿನೈದು ಸಾವಿರ ಕೊಟ್ಟಿರಲಿಲ್ಲ. ಪೌತಿ ಖಾತೆಗೆ ಮರಣ ಪತ್ರವೂ ವಂಶವೃಕ್ಷವೂ ಸಿದ್ಧವಾಗಿದ್ದವು. ಅತ್ತೆ ತನ್ನ ಮುಕ್ಕಾಲು ಸೆಂಟ್ಸ್ ವಿಷಯ ಕೇಳಿ, “ನನಗೂ ಇದೆಯಾ?” ಎಂದು ಎರಡು ಸಲ ವಿಚಾರಿಸಿದರಂತೆ. ಶಿವಮೊಗ್ಗದಲ್ಲಿರುವ ಹಿರಿಯ ನಾದಿನಿಗೆ ಫೋನ್ ಮಾಡಿ ಪಾಲಿನ ಹಣದ ಮಾತು ಹೇಳಿದಾಗ ಆಕೆ ಬಹಳ ಹೊತ್ತು ಏನೂ ಮಾತನಾಡಲಿಲ್ಲವಂತೆ. ನಂತರ, “ಅಣ್ಣ ತಾನಾಗಿ ಹೇಳಿದ್ದಾ, ನೀನು ಹೇಳಿಸಿದ್ದಾ ಅತ್ತಿಗೆ?” ಎಂದು ಕೇಳಿದಳಂತೆ.

“ಏನು ಹೇಳಿದಿರಿ?” ಎಂದೆ.

“ಅಣ್ಣನೇ ಹೇಳಿದ್ದು ಅಂದೆ ಟೀಚರ್,” ಎಂದು ನಕ್ಕು ಅರ್ಜಿಯ ಪ್ರತಿಯನ್ನು ಮತ್ತೆ ಅದೇ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟರು. ಬರುವ ತಿಂಗಳು ನಾದಿನಿಯರಿಬ್ಬರೂ ಸಹಿಗೆ ಬರುತ್ತಾರಂತೆ, ಮಕ್ಕಳನ್ನು ಕರೆದುಕೊಂಡು.